ಅರ್ಧ ಕುಸಿದ ಬೆಟ್ಟ

ಜೋರು ಮಳೆ ಬಿಟ್ಟ ಮೇಲೆ ಅಂಗಳದ ಮಣ್ಣನ್ನು ಬಗ್ಗಿ ನೋಡಿದ್ದೀರಾ? ಮಾಡಿನ ನೀರು ಬೀಳುವ ಜಾಗದಲ್ಲಿ ಮಣ್ಣು ಕೊಚ್ಚಿಹೋಗಿರುತ್ತದೆ. ಆದರೆ ಅಲ್ಲಲ್ಲಿ ಒಂದೊಂದು ಹರಳುಕಲ್ಲು ಪುಟ್ಟ ಮಣ್ಣಿನ ಕಂಬದ ಮೇಲೆ ಕುಳಿತಿರುತ್ತದೆ. ಆ ಕಲ್ಲು ತನ್ನ ಕೆಳಗಿನ ಮಣ್ಣಿಗೆ ಕೊಡೆ ಹಿಡಿದಂತೆ ಕಾಣುತ್ತದೆ. ಕಲ್ಲನ್ನು ತೆಗೆದುಬಿಟ್ಟರೆ ಮುಂದಿನ ಮಳೆಗೆ ಕಂಬವೂ ಉಳಿಯುವುದಿಲ್ಲ.

ಹೀಗೆಯೇ ತಲೆಯ ಮೇಲೆ ಕಲ್ಲಿನ ಕೊಡೆ ಹಿಡಿದು ನಿಂತ ಒಂದು ಬೆಟ್ಟ ದೂರದ ಇಂಗ್ಲೆಂಡಿನಲ್ಲಿದೆ. ಅದರ ಹೆಸರು ರೋಸ್‌ಬೆರಿ ಟಾಪಿಂಗ್. ಅದರ ಕಥೆಯನ್ನು ಈ ಪಾಠದಲ್ಲಿ ತಿಳಿಯೋಣ.

ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಯಾರ್ಕ್‌ಶೈರ್ ಎಂಬ ಪ್ರದೇಶವಿದೆ. ಅಲ್ಲಿ ನಾರ್ತ್ ಯಾರ್ಕ್ ಮೂರ್ಸ್ ಎಂಬ ವಿಶಾಲವಾದ ಎತ್ತರದ ಬಯಲುನಾಡು ಇದೆ. ಅಲ್ಲಿ ದೊಡ್ಡ ಮರಗಳು ಕಡಿಮೆ. ಹೆದರ್ ಎಂಬ ಕುರುಚಲು ಗಿಡ ನೆಲವನ್ನೆಲ್ಲ ಹಬ್ಬಿದೆ. ಆಗಸ್ಟ್ ತಿಂಗಳಲ್ಲಿ ಅದು ಹೂ ಬಿಟ್ಟಾಗ ಇಡೀ ಬಯಲು ನೇರಳೆ ಬಣ್ಣಕ್ಕೆ ತಿರುಗುತ್ತದೆ. 1952ರಲ್ಲಿ ಈ ಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಲಾಯಿತು. ಅದರ ವಾಯವ್ಯ ಅಂಚಿನಲ್ಲಿ, ಉಳಿದ ಗುಡ್ಡಗಳಿಂದ ತುಸು ದೂರವಾಗಿ, ರೋಸ್‌ಬೆರಿ ಟಾಪಿಂಗ್ ಒಂಟಿಯಾಗಿ ನಿಂತಿದೆ.

ಈ ಬೆಟ್ಟ ಬಹಳ ಎತ್ತರವೇನೂ ಅಲ್ಲ. ಸಮುದ್ರಮಟ್ಟದಿಂದ 320 ಮೀಟರ್ ಮಾತ್ರ. ಆದರೂ ಸುತ್ತಲಿನ ಬಯಲಿನಲ್ಲಿ ಎಲ್ಲಿ ನಿಂತರೂ ಅದು ಕಣ್ಣಿಗೆ ಬೀಳುತ್ತದೆ. ಅದರ ಆಕಾರವೇ ವಿಚಿತ್ರ. ಒಂದು ಕಡೆ ಹಸಿರು ಹುಲ್ಲಿನ ಇಳಿಜಾರು ಮೆಲ್ಲಗೆ ಮೇಲೇರುತ್ತದೆ. ಇನ್ನೊಂದು ಕಡೆ ಕತ್ತಿಯಿಂದ ಕಡಿದಂತೆ ಕಡಿದಾದ ಬಂಡೆ. ಬೆಲ್ಲದ ಅಚ್ಚಿನ ಅರ್ಧ ಭಾಗವನ್ನು ಯಾರೋ ಮುರಿದುಕೊಂಡು ಹೋದಂತೆ ಕಾಣುತ್ತದೆ. ಆ ಅರ್ಧ ಭಾಗ ಎಲ್ಲಿ ಹೋಯಿತು? ಅದನ್ನು ತಿಳಿಯಲು ಬೆಟ್ಟ ಹುಟ್ಟಿದ ಕಾಲಕ್ಕೆ ಹೋಗಬೇಕು.

ಸುಮಾರು 18 ಕೋಟಿ ವರ್ಷಗಳ ಹಿಂದೆ ಈ ಜಾಗದಲ್ಲಿ ಬೆಟ್ಟವಿರಲಿಲ್ಲ, ಸಮುದ್ರವಿತ್ತು. ಸಮುದ್ರದ ತಳದಲ್ಲಿ ಕೆಸರು ಪದರ ಪದರವಾಗಿ ಕೂತು ಗಟ್ಟಿಯಾಯಿತು. ಅದೇ ಜೇಡಿಕಲ್ಲು. ನಡುವೆ ಕಬ್ಬಿಣದ ಅಂಶವಿರುವ ಪದರಗಳೂ ಸೇರಿಕೊಂಡವು. ಆಮೇಲೆ ನದಿಗಳು ಹೊತ್ತು ತಂದ ಮರಳು ಎಲ್ಲದರ ಮೇಲೆ ಹರಡಿ ಮರಳುಗಲ್ಲಾಯಿತು. ಜೇಡಿಕಲ್ಲು ಮೆದು, ಮರಳುಗಲ್ಲು ಗಟ್ಟಿ. ಕಾಲಕ್ರಮೇಣ ನೆಲ ಮೇಲೆದ್ದಿತು. ಮಳೆ, ಗಾಳಿ, ಹಿಮಗಳು ಅದನ್ನು ಸವೆಸುತ್ತ ಬಂದವು. ಸುತ್ತಲಿನ ನೆಲ ಸವೆದು ತಗ್ಗಾಯಿತು. ಆದರೆ ಒಂದು ಕಡೆ ಮಾತ್ರ ಮರಳುಗಲ್ಲಿನ ಒಂದು ತುಂಡು ಉಳಿದುಕೊಂಡು ತನ್ನ ಕೆಳಗಿನ ಮೆದುಕಲ್ಲನ್ನು ಕಾಪಾಡಿತು. ಅಂಗಳದ ಹರಳುಕಲ್ಲು ಮಣ್ಣಿನ ಕಂಬವನ್ನು ಕಾಪಾಡಿತಲ್ಲ, ಹಾಗೆ! ಹೀಗೆ ಉಳಿದದ್ದೇ ರೋಸ್‌ಬೆರಿ ಟಾಪಿಂಗ್.

ಬೆಟ್ಟದ ಹೆಸರಿಗೂ ಒಂದು ಕಥೆಯಿದೆ. ಸಾವಿರ ವರ್ಷಗಳಿಗೂ ಹಿಂದೆ ಸಮುದ್ರದಾಚೆಯ ಉತ್ತರ ನಾಡುಗಳಿಂದ ವೈಕಿಂಗ್ ಜನರು ಇಲ್ಲಿಗೆ ಬಂದು ನೆಲೆಸಿದರು. 1119ರ ಒಂದು ಬರಹದಲ್ಲಿ ಈ ಬೆಟ್ಟಕ್ಕೆ 'ಓಥೆನೆಸ್‌ಬರ್ಗ್' ಎಂಬ ಹೆಸರಿದೆ. ಇದು ಆ ಜನರ ನುಡಿಯಿಂದ ಬಂದದ್ದು. 'ಓಡಿನ್ ದೇವರ ಬೆಟ್ಟ' ಎಂಬುದು ಇದರ ಅರ್ಥ ಎಂದು ಅನೇಕರು ಹೇಳುತ್ತಾರೆ. ಜನರ ಬಾಯಲ್ಲಿ ಸವೆದು ಸವೆದು ಈ ಹೆಸರು 'ಔಸ್‌ಬೆರಿ' ಎಂದಾಯಿತು. ಬೆಟ್ಟದ ಬುಡದ ಹಳ್ಳಿಯನ್ನು 'ನ್ಯೂಟನ್ ಅಂಡರ್ ಔಸ್‌ಬೆರಿ' ಎಂದು ಕರೆಯುತ್ತಿದ್ದರು. ಎಂದರೆ ಔಸ್‌ಬೆರಿಯ ಕೆಳಗಿನ ನ್ಯೂಟನ್. ಈ ಹೆಸರನ್ನು ಬೇಗ ಬೇಗ ಹೇಳಿ ನೋಡಿರಿ. 'ಅಂಡರ್' ಪದದ ಕೊನೆಯ 'ರ್' ಮುಂದಿನ ಪದಕ್ಕೆ ಅಂಟಿಕೊಳ್ಳುತ್ತದೆ, ಅಲ್ಲವೇ? ನಾವು 'ಅವರ ಊರು' ಎಂಬುದನ್ನು 'ಅವರೂರು' ಎಂದು ಕೂಡಿಸಿ ಹೇಳುವುದಿಲ್ಲವೇ? ಹಾಗೆಯೇ ಔಸ್‌ಬೆರಿ ರೋಸ್‌ಬೆರಿಯಾಯಿತು ಎಂದು ಭಾಷೆ ಬಲ್ಲವರು ವಿವರಿಸುತ್ತಾರೆ. ಹಾಗಾಗಿ ಈ ಹೆಸರಿನಲ್ಲಿರುವ ರೋಸ್‌ಗೂ ಗುಲಾಬಿ ಹೂವಿಗೂ ಸಂಬಂಧವಿಲ್ಲ! 'ಟಾಪಿಂಗ್' ಎಂದರೆ ಆ ಕಡೆಯ ಆಡುಮಾತಿನಲ್ಲಿ ಬೆಟ್ಟದ ತುದಿ.

ಬುಡದ ಹಳ್ಳಿಗಳ ರೈತರಿಗೆ ಈ ಬೆಟ್ಟವೇ ಹವಾಮಾನದ ಸೂಚನೆ ಕೊಡುತ್ತಿತ್ತು. ಬೆಟ್ಟದ ನೆತ್ತಿಯ ಮೇಲೆ ಮೋಡ ಟೋಪಿಯಂತೆ ಕುಳಿತರೆ ಗುಡುಗು ಮಳೆ ಬರುತ್ತದೆ ಎಂಬ ನಂಬಿಕೆ ಹಿಂದಿನಿಂದಲೂ ಇದೆ. ಈ ಕುರಿತು ಅವರಲ್ಲಿ ಒಂದು ಪ್ರಾಸದ ಗಾದೆಯೇ ಇದೆ.

ನ್ಯೂಟನ್ ಬಹಳ ಚಿಕ್ಕ ಹಳ್ಳಿ. ಅದಕ್ಕಿಂತ ದೊಡ್ಡದು ಗ್ರೇಟ್ ಏಟನ್. ಅದರ ನಡುವೆ ಲೀವನ್ ಎಂಬ ಕಿರುಹೊಳೆ ಹರಿಯುತ್ತದೆ. ಊರಿನ ಮಧ್ಯೆ ಎಲ್ಲರಿಗೂ ಸೇರಿದ ಹುಲ್ಲಿನ ಬಯಲುಗಳಿವೆ. ಅವುಗಳಲ್ಲೊಂದರಲ್ಲಿ ಒಬ್ಬ ಹುಡುಗನ ಪ್ರತಿಮೆ ನಿಂತಿದೆ. ಅವನ ಹೆಸರು ಜೇಮ್ಸ್ ಕುಕ್.

ಜೇಮ್ಸ್ 1728ರಲ್ಲಿ ಹತ್ತಿರದ ಮಾರ್ಟನ್ ಎಂಬ ಹಳ್ಳಿಯಲ್ಲಿ ಹುಟ್ಟಿದನು. ತಂದೆ ಹೊಲದ ಕೂಲಿ ಕೆಲಸ ಮಾಡುತ್ತಿದ್ದರು. 1736ರಲ್ಲಿ ತಂದೆಗೆ ರೋಸ್‌ಬೆರಿ ಬೆಟ್ಟದ ಮಗ್ಗುಲಲ್ಲಿರುವ ಏರಿಹೋಮ್ ಎಂಬ ಹೊಲಮನೆಯಲ್ಲಿ ಕೆಲಸ ಸಿಕ್ಕಿತು. ಮನೆಮಂದಿಯೆಲ್ಲ ಅಲ್ಲಿಗೆ ಬಂದರು. ಆಗ ಜೇಮ್ಸ್‌ನಿಗೆ ಎಂಟು ವರ್ಷ. ಕೂಲಿಯವರ ಮಕ್ಕಳಿಗೆ ಓದು ಸುಲಭವಾಗಿ ಸಿಗುತ್ತಿದ್ದ ಕಾಲ ಅದಲ್ಲ. ಆದರೆ ಹೊಲದ ಒಡೆಯರಾದ ಥಾಮಸ್ ಸ್ಕಾಟೋ ಅವರು ಹುಡುಗನ ಶಾಲೆಯ ಖರ್ಚನ್ನು ತಾವೇ ಕೊಟ್ಟರು. ಗ್ರೇಟ್ ಏಟನ್‌ನ ಆ ಶಾಲೆಯಲ್ಲಿ ಜೇಮ್ಸ್ ಓದು, ಬರಹ, ಲೆಕ್ಕ ಕಲಿತನು. ಶಾಲೆ ಇದ್ದ ಜಾಗದಲ್ಲಿ ಈಗ ಒಂದು ವಸ್ತುಸಂಗ್ರಹಾಲಯವಿದೆ.

ರೋಸ್‌ಬೆರಿಯ ತುದಿಯಿಂದ ನೋಡಿದರೆ ಒಂದು ಕಡೆ ಬಯಲು, ಇನ್ನೊಂದು ಕಡೆ ದೂರದಲ್ಲಿ ಸಮುದ್ರ. ಜೇಮ್ಸ್ ಈ ಬೆಟ್ಟವನ್ನು ಹತ್ತಿ ಆಡುತ್ತಿದ್ದನು ಎಂದು ಊರಿನವರು ಹೇಳುತ್ತಾರೆ. ಮುಂದೆ ಅವನು ಕಡಲತೀರದ ಸ್ಟೇತ್ಸ್ ಎಂಬ ಊರಿನ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದನು. ಅಲ್ಲಿಂದ ವಿಟ್‌ಬಿ ಬಂದರಿಗೆ ಹೋಗಿ ಕಲ್ಲಿದ್ದಲು ಸಾಗಿಸುವ ಹಡಗುಗಳಲ್ಲಿ ದುಡಿಯುತ್ತ ನಾವಿಕನಾದನು. 1768ರಲ್ಲಿ 'ಎಂಡೆವರ್' ಎಂಬ ಹಡಗಿನ ನಾಯಕರಾಗಿ ಪ್ರಪಂಚ ಸುತ್ತಲು ಹೊರಟರು. ನ್ಯೂಜಿಲೆಂಡಿನ ಕರಾವಳಿಯ ನಕ್ಷೆಯನ್ನು ಬರೆದರು. 1770ರಲ್ಲಿ ಆಸ್ಟ್ರೇಲಿಯಾದ ಪೂರ್ವ ಕರಾವಳಿಯನ್ನು ತಲುಪಿದರು. ಅಲ್ಲಿ ಸಾವಿರಾರು ವರ್ಷಗಳಿಂದ ಮೂಲನಿವಾಸಿಗಳು ಬಾಳುತ್ತಿದ್ದರು. ಈ ಯಾನದ ಬಳಿಕ ಆಂಗ್ಲರು ಅಲ್ಲಿಗೆ ಬಂದು ನೆಲೆಸಿದರು. ಮೂಲನಿವಾಸಿಗಳು ತಮ್ಮ ನೆಲವನ್ನು ಕಳೆದುಕೊಂಡರು. ಹೀಗಾಗಿ ಕುಕ್ ಅವರ ಹೆಸರು ಕೆಲವರಿಗೆ ಹೆಮ್ಮೆಯದು, ಕೆಲವರಿಗೆ ನೋವಿನದು. ಕುಕ್ 1779ರಲ್ಲಿ ಹವಾಯಿ ದ್ವೀಪದಲ್ಲಿ ತೀರಿಕೊಂಡರು. 1827ರಲ್ಲಿ ರೋಸ್‌ಬೆರಿಗೆ ಎದುರಾಗಿರುವ ಈಸ್ಬಿ ಗುಡ್ಡದ ಮೇಲೆ ಅವರ ನೆನಪಿಗೆ ಎತ್ತರದ ಕಲ್ಲಿನ ಸ್ಮಾರಕವನ್ನು ನಿಲ್ಲಿಸಿದರು.

ಬಾಲಕ ಜೇಮ್ಸ್ ಕಂಡ ರೋಸ್‌ಬೆರಿ ಬೆಟ್ಟ ಇಂದಿನ ಹಾಗೆ ಇರಲಿಲ್ಲ. ಆಗ ಅದು ನಾಲ್ಕು ಕಡೆಯೂ ಸಮನಾಗಿ ಇಳಿದು, ಇಡಿಯ ಬೆಲ್ಲದ ಅಚ್ಚಿನಂತೆ ಇತ್ತು. ಬೆಟ್ಟದ ಒಳಗಿನ ಸಂಪತ್ತು ಜನರನ್ನು ಸೆಳೆಯಿತು. ಈ ಗುಡ್ಡಗಳ ಜೇಡಿಕಲ್ಲಿನಿಂದ ಬಟ್ಟೆಗೆ ಬಣ್ಣ ಕಟ್ಟಲು ಬೇಕಾದ ಪಟಿಕವನ್ನು ತೆಗೆದರು. ಒಡವೆ ಮಾಡುವ ಜೆಟ್ ಎಂಬ ಕಪ್ಪು ಕಲ್ಲನ್ನು ಅಗೆದರು. ಆಮೇಲೆ ಕಬ್ಬಿಣದ ಸರದಿ ಬಂತು. ಹತ್ತು ಹನ್ನೆರಡು ಕಿಲೋಮೀಟರ್ ದೂರದಲ್ಲಿ ಮಿಡಲ್ಸ್‌ಬರೋ ಎಂಬ ಊರಿದೆ. 1801ರಲ್ಲಿ ಅಲ್ಲಿದ್ದವರು ಬರೇ 25 ಜನ. 1850ರಲ್ಲಿ ಹತ್ತಿರದ ಎಸ್ಟನ್ ಗುಡ್ಡದಲ್ಲಿ ಒಳ್ಳೆಯ ಕಬ್ಬಿಣದ ಅದಿರು ಸಿಕ್ಕಿತು. ಅಲ್ಲಿಂದ ಮುಂದೆ ಮಿಡಲ್ಸ್‌ಬರೋ ದೊಡ್ಡ ಕಬ್ಬಿಣದ ಪಟ್ಟಣವಾಗಿ ಬೆಳೆಯಿತು. ಕುಲುಮೆಗಳಿಗೆ ಅದಿರು ಬೇಕಲ್ಲವೇ? ಸುತ್ತಲಿನ ಗುಡ್ಡಗಳಲ್ಲೆಲ್ಲ ಗಣಿಗಳು ತೆರೆದವು. ರೋಸ್‌ಬೆರಿಯ ಬುಡದಲ್ಲೂ ಸುರಂಗ ಕೊರೆದರು. ಹಳ್ಳಿಯ ಜನರಿಗೆ ಕೆಲಸ ಸಿಕ್ಕಿತು, ಮನೆಗಳಲ್ಲಿ ಒಲೆ ಉರಿಯಿತು.

1912ರಲ್ಲಿ ಒಂದು ದಿನ ಬೆಟ್ಟದ ನೆತ್ತಿಯ ಒಂದು ಪಕ್ಕ ಕುಸಿದು ಬಿತ್ತು. ಮರಳುಗಲ್ಲಿನ ದೊಡ್ಡ ದೊಡ್ಡ ಬಂಡೆಗಳು ಇಳಿಜಾರಿನಲ್ಲಿ ಜಾರಿ ಹೋದವು. ಬೆಟ್ಟ ಅರ್ಧವಾಯಿತು! ಕೆಳಗೆ ಗಣಿ ಕೊರೆದದ್ದೇ ಇದಕ್ಕೆ ಕಾರಣ ಎಂದು ಅನೇಕರು ಹೇಳಿದರು. ಬಂಡೆಯಲ್ಲಿ ಮೊದಲೇ ಬಿರುಕುಗಳಿದ್ದವು, ಮಳೆ ಹಿಮಗಳಿಂದ ಅವು ಅಗಲವಾದವು ಎಂದು ಇನ್ನು ಕೆಲವರು ಹೇಳಿದರು. ಎರಡೂ ಸೇರಿರಬಹುದು. ಈ ಬಗ್ಗೆ ಇಂದಿಗೂ ಚರ್ಚೆ ನಡೆಯುತ್ತದೆ. ಈಗ ಆ ಗಣಿಗಳೆಲ್ಲ ಮುಚ್ಚಿವೆ. ಸುರಂಗಗಳ ಬಾಯಿಗೆ ಹುಲ್ಲು ಬೆಳೆದಿದೆ. ಆದರೆ ಬೆಟ್ಟದ ಗಾಯ ಮಾತ್ರ ಎಲ್ಲರಿಗೂ ಕಾಣುವಂತೆ ಉಳಿದಿದೆ.

ಇದೇ ಹಳ್ಳಿಯಲ್ಲಿ ನಡೆದ ಇನ್ನೊಂದು ಸಂಗತಿ ಕೇಳಿರಿ. ಗ್ರೇಟ್ ಏಟನ್‌ನಲ್ಲಿ ಕುಕ್ ಅವರ ತಂದೆತಾಯಿಯರ ಚಿಕ್ಕ ಮನೆ ಇತ್ತು. ಆಸ್ಟ್ರೇಲಿಯಾದ ಒಬ್ಬ ಶ್ರೀಮಂತರು ಅದನ್ನು ಕೊಂಡುಕೊಂಡರು. ಕೆಲಸಗಾರರು ಮನೆಯನ್ನು ಬಿಚ್ಚಿ, ಕಲ್ಲುಗಳನ್ನು 253 ಪೆಟ್ಟಿಗೆ ಮತ್ತು 40 ಪೀಪಾಯಿಗಳಲ್ಲಿ ತುಂಬಿದರು. ಅವು ಹಡಗಿನಲ್ಲಿ ಸಮುದ್ರ ದಾಟಿದವು. 1934ರಲ್ಲಿ ಮೆಲ್ಬರ್ನ್ ನಗರದ ಉದ್ಯಾನವೊಂದರಲ್ಲಿ ಮನೆ ಮೊದಲಿನಂತೆಯೇ ಎದ್ದು ನಿಂತಿತು! ಅದಕ್ಕೆ ಬದಲಾಗಿ ಆಸ್ಟ್ರೇಲಿಯಾದ ಕಲ್ಲಿನಿಂದ ಮಾಡಿದ ಒಂದು ಕಂಬ ಈಗ ಗ್ರೇಟ್ ಏಟನ್‌ನಲ್ಲಿದೆ.

ಒಂದು ಮನೆಯನ್ನು ಬಿಚ್ಚಿ ಮತ್ತೆ ಕಟ್ಟಬಹುದು. ಕುಸಿದ ಬೆಟ್ಟವನ್ನು ಮತ್ತೆ ಕಟ್ಟಲು ಆಗುವುದಿಲ್ಲ. ಉಳಿದದ್ದನ್ನು ಕಾಪಾಡಿಕೊಳ್ಳಬಹುದು, ಅಷ್ಟೇ.

ಈಗ ಬೆಟ್ಟವನ್ನು ನೋಡಿಕೊಳ್ಳುತ್ತಿರುವುದು ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ. ಪ್ರಕೃತಿಯ ಚೆಲುವಿನ ತಾಣಗಳನ್ನೂ ಹಳೆಯ ಕಟ್ಟಡಗಳನ್ನೂ ಕಾಪಾಡುವುದಕ್ಕಾಗಿ ಅದು 1895ರಲ್ಲಿ ಹುಟ್ಟಿಕೊಂಡಿತು. ಬೆಟ್ಟದ ಬುಡದಲ್ಲಿ ಓಕ್ ಮರಗಳ ಕಾಡಿದೆ. ವಸಂತಕಾಲದಲ್ಲಿ ಅಲ್ಲಿ ನೀಲಿ ಗಂಟೆಹೂಗಳು ನೆಲದ ತುಂಬ ಅರಳುತ್ತವೆ. ಕ್ಲೀವ್‌ಲ್ಯಾಂಡ್ ವೇ ಎಂಬ ಸುಮಾರು 175 ಕಿಲೋಮೀಟರ್ ಉದ್ದದ ಕಾಲುದಾರಿಯಲ್ಲಿ ನಡೆಯುವವರು ಈ ಬೆಟ್ಟವನ್ನೂ ಹತ್ತಿ ಹೋಗುತ್ತಾರೆ. ಆ ದಾರಿ 1969ರಲ್ಲಿ ತೆರೆಯಿತು.

ಬಹಳ ಜನ ನಡೆದರೆ ಏನಾಗುತ್ತದೆ? ಹುಲ್ಲು ಸಾಯುತ್ತದೆ. ಬರಿದಾದ ಮಣ್ಣು ಮಳೆಗೆ ಕೊಚ್ಚಿಹೋಗುತ್ತದೆ. ಗಣಿಯ ಗುದ್ದಲಿ ಮಾತ್ರವಲ್ಲ, ನೋಡಲು ಬಂದವರ ಪಾದವೂ ಬೆಟ್ಟವನ್ನು ಸವೆಸಬಲ್ಲದು. ಆದುದರಿಂದ ಇಳಿಜಾರಿನಲ್ಲಿ ಚಪ್ಪಡಿ ಕಲ್ಲುಗಳನ್ನು ಹಾಸಿ ದಾರಿ ಮಾಡಿದ್ದಾರೆ. ಆ ದಾರಿಯಲ್ಲೇ ನಡೆದರೆ ಪಕ್ಕದ ಹುಲ್ಲು ಉಳಿಯುತ್ತದೆ, ಹುಲ್ಲು ಮಣ್ಣನ್ನು ಹಿಡಿದುಕೊಳ್ಳುತ್ತದೆ.

ಬೆಟ್ಟ ಎಂದೆಂದಿಗೂ ಹಾಗೆಯೇ ಇರುತ್ತದೆ ಎಂದು ನಾವು ತಿಳಿದುಕೊಂಡಿರುತ್ತೇವೆ. ರೋಸ್‌ಬೆರಿ ಟಾಪಿಂಗ್ ಹಾಗಲ್ಲ ಎನ್ನುತ್ತದೆ. ಅದು ಕಟ್ಟಿಕೊಳ್ಳಲು ಕೋಟಿಗಟ್ಟಲೆ ವರ್ಷಗಳು ಬೇಕಾದವು. ಅರ್ಧವಾಗಲು ಒಂದು ದಿನ ಸಾಕಾಯಿತು.

ಪದಗಳ ಅರ್ಥ
ಕುಲುಮೆ – ಲೋಹವನ್ನು ಕಾಯಿಸಿ ಕರಗಿಸುವ ಒಲೆ
ಅದಿರು – ಲೋಹದ ಅಂಶವಿರುವ ಕಲ್ಲು ಅಥವಾ ಮಣ್ಣು
ಪಟಿಕ – ಬಣ್ಣ ಕಟ್ಟಲು, ನೀರನ್ನು ತಿಳಿಯಾಗಿಸಲು ಬಳಸುವ ಒಂದು ಬಗೆಯ ಉಪ್ಪು
ಸ್ಮಾರಕ – ನೆನಪಿಗಾಗಿ ಕಟ್ಟಿದ್ದು
ಯಾನ – ಪಯಣ

ಉತ್ತರಿಸಿರಿ
1. ಸುತ್ತಲಿನ ನೆಲ ಸವೆದರೂ ರೋಸ್‌ಬೆರಿ ಬೆಟ್ಟ ಉಳಿದದ್ದು ಹೇಗೆ?
2. 'ಔಸ್‌ಬೆರಿ' ಎಂಬುದು 'ರೋಸ್‌ಬೆರಿ' ಆದದ್ದು ಹೇಗೆ?
3. ಕುಕ್ ಅವರ ಹೆಸರು ಕೆಲವರಿಗೆ ಹೆಮ್ಮೆಯದು, ಕೆಲವರಿಗೆ ನೋವಿನದು. ಯಾಕೆ?
4. ಬೆಟ್ಟದ ಕುಸಿತಕ್ಕೆ ಯಾವ ಎರಡು ಕಾರಣಗಳನ್ನು ಹೇಳುತ್ತಾರೆ?

ಚಟುವಟಿಕೆ
ನಿಮ್ಮ ಊರಿನ ಗುಡ್ಡ ಅಥವಾ ಬೆಟ್ಟವೊಂದು ಹಿಂದೆ ಹೇಗಿತ್ತು ಎಂದು ಮನೆಯ ಹಿರಿಯರಲ್ಲಿ ಕೇಳಿರಿ. ಅಂದಿಗೂ ಇಂದಿಗೂ ಆದ ಬದಲಾವಣೆಗಳನ್ನು, ಅವುಗಳಿಗೆ ಕಾರಣಗಳನ್ನು ಬರೆದು ತರಗತಿಯಲ್ಲಿ ಓದಿರಿ.