ಎಪ್ಪತ್ತೆರಡು ವ್ಯಾಟು ಎಲ್ಲಿ ಹೋಯಿತು?

ಇತ್ತೀಚೆಗೆ ಕಟ್ಟಿದ ಮನೆಗಳಲ್ಲಿ ಹನ್ನೆರಡು ವೋಲ್ಟಿನ ಎಲ್‌ಇಡಿ ದೀಪ ಕಾಲಿಡದ ಮನೆ ಅಪರೂಪ. ದೇವರ ಮಂಟಪದ ಹಿಂಬದಿ, ಫಾಲ್ಸ್ ಸೀಲಿಂಗಿನ ಅಂಚು, ಅಡುಗೆಮನೆಯ ಕಪಾಟಿನ ಕೆಳಭಾಗ, ಮೆಟ್ಟಿಲ ಸಂದು, ಹೀಗೆ ಎಲ್ಲೆಂದರಲ್ಲಿ ಬೆರಳಗಲದ ಪಟ್ಟಿಯೊಂದನ್ನು ಅಂಟಿಸಿ ಬೆಳಕು ಹರಿಸುವುದು ಈಗಿನ ಪದ್ಧತಿ. ಅಂಗಡಿಯಲ್ಲಿ ಸ್ಟ್ರಿಪ್ ಲೈಟ್ ಎಂದು ಕೇಳಿದರೆ ಐದು ಮೀಟರಿನ ಸುರುಳಿ ಕೈಗೆ ಬರುತ್ತದೆ. ಅದರ ಹೊದಿಕೆಯ ಮೇಲೆ ಮೀಟರಿಗೆ 14.4 ವ್ಯಾಟು, ಒಟ್ಟು 72 ವ್ಯಾಟು ಎಂದು ಅಚ್ಚಾಗಿರುತ್ತದೆ. ಅಂಗಡಿಯವನು ಸುರುಳಿಯನ್ನು ಬಿಚ್ಚದೆಯೇ ಕ್ಷಣಕಾಲ ಉರಿಸಿ ತೋರಿಸುತ್ತಾನೆ. ನಮ್ಮ ಕಣ್ಣು ಕೋರೈಸುತ್ತದೆ, ಜೇಬು ಸಡಿಲವಾಗುತ್ತದೆ.

ಮನೆಗೆ ತಂದು ಕೂರಿಸಿದ ಮೇಲೆ ಕಥೆ ಬೇರೆಯಾಗುತ್ತದೆ. ಪಟ್ಟಿಯ ಆರಂಭದಲ್ಲಿ ಬೆಳಕು ಪರವಾಗಿಲ್ಲ ಎನ್ನುವಂತಿರುತ್ತದೆ, ನಡುವಿಗೆ ಬರುವಷ್ಟರಲ್ಲಿ ಸೊರಗುತ್ತದೆ, ಕೊನೆಯಲ್ಲಿ ಮಂಕು ಕವಿದಿರುತ್ತದೆ. ಬಣ್ಣ ಬದಲಿಸುವ ಪಟ್ಟಿಯಾದರೆ, ಬಿಳಿಯ ಬೆಳಕು ತುದಿಯಲ್ಲಿ ಕೆಂಪಡರಿ ಕಾಣುತ್ತದೆ. ಮನೆಯೊಡೆಯರು ಎಲೆಕ್ಟ್ರೀಷಿಯನ್ನನನ್ನು ದೂರುತ್ತಾರೆ, ಅವನು ಮಾಲನ್ನು ದೂರುತ್ತಾನೆ, ಅಂಗಡಿಯವನು ವಿದ್ಯುತ್ ಸರಬರಾಜನ್ನು ದೂರುತ್ತಾನೆ. ಈ ಮೂವರಲ್ಲಿ ಯಾರ ಮಾತು ನಿಜವೆಂಬುದನ್ನು ನಿರ್ಣಯಿಸಲು ದೊಡ್ಡ ಪಾಂಡಿತ್ಯವೇನೂ ಬೇಡ. ಕೆಲವು ನೂರು ರೂಪಾಯಿಗೆ ದೊರೆಯುವ ಒಂದು ಮಲ್ಟಿಮೀಟರ್, ಅರ್ಧ ಗಂಟೆಯ ತಾಳ್ಮೆ, ಇಷ್ಟಿದ್ದರೆ ಸಾಕು.

ಮೊದಲು ಈ ಪಟ್ಟಿಯ ಒಳಗುಟ್ಟನ್ನು ಅರಿಯಬೇಕು. ಒಂದು ಬಿಳಿಯ ಎಲ್‌ಇಡಿ ಬೆಳಗಲು ಸುಮಾರು 3.2 ವೋಲ್ಟು ಬೇಕು. ಹನ್ನೆರಡು ವೋಲ್ಟಿನ ಪಟ್ಟಿಯಲ್ಲಿ ಮೂರು ಎಲ್‌ಇಡಿಗಳನ್ನು ಒಂದರ ಹಿಂದೊಂದು ಪೋಣಿಸಿ, ಅವುಗಳ ಜೊತೆಗೆ ಒಂದು ಪುಟ್ಟ ರೆಸಿಸ್ಟರನ್ನು ಇಟ್ಟಿರುತ್ತಾರೆ. ಮೂರು ಎಲ್‌ಇಡಿಗಳು ಸೇರಿ ಸುಮಾರು 9.6 ವೋಲ್ಟನ್ನು ತಮ್ಮ ಪಾಲಿಗೆ ಇಟ್ಟುಕೊಳ್ಳುತ್ತವೆ. ಉಳಿದ 2.4 ವೋಲ್ಟು ರೆಸಿಸ್ಟರಿಗೆ. ಎಷ್ಟು ಪ್ರವಾಹ ಹರಿಯಬೇಕೆಂಬುದನ್ನು ನಿರ್ಧರಿಸುವುದು ಈ ಉಳಿದ 2.4 ವೋಲ್ಟೇ ಹೊರತು ಇಡೀ ಹನ್ನೆರಡಲ್ಲ.

ಈ ಸಣ್ಣ ಸಂಗತಿಯಲ್ಲಿ ಸಮಸ್ತ ರಹಸ್ಯವೂ ಅಡಗಿದೆ. ದಾರಿಯಲ್ಲಿ ಎಲ್ಲಿಯೋ ಒಂದು ವೋಲ್ಟು ಸೋರಿ, ಪಟ್ಟಿಗೆ 12ರ ಬದಲು 11 ವೋಲ್ಟು ಮಾತ್ರ ತಲುಪಿತೆನ್ನಿ. ಹನ್ನೆರಡರಲ್ಲಿ ಒಂದು ಹೋದರೆ ಏನು ಮಹಾ ನಷ್ಟ ಎಂದು ನಾವು ಭಾವಿಸುತ್ತೇವೆ. ಎಲ್‌ಇಡಿಗಳಾದರೋ ತಮ್ಮ ಪಾಲಿನಲ್ಲಿ ಹೆಚ್ಚು ಬಿಟ್ಟುಕೊಡುವುದಿಲ್ಲ. ಕಳೆದುಹೋದ ವೋಲ್ಟಿನ ಬಹುಭಾಗವನ್ನು ರೆಸಿಸ್ಟರಿನ ಪಾಲಿನಿಂದಲೇ ಕಳೆಯಬೇಕಾಗುತ್ತದೆ. ಪರಿಣಾಮವಾಗಿ ಪ್ರವಾಹವು ಹನ್ನೆರಡರಲ್ಲೊಂದು ಪಾಲಲ್ಲ, ಮೂರರಲ್ಲೊಂದು ಪಾಲಿನಷ್ಟು ಕುಸಿಯುತ್ತದೆ. ಬೆಳಕೂ ಅದರ ಹಿಂದೆಯೇ ಇಳಿಯುತ್ತದೆ. ಹಳೆಯ ಕಾಲದ ಕಾರಿನ ಬಲ್ಬು ಇಂಥ ಏರಿಳಿತವನ್ನು ಸ್ವಲ್ಪ ಸಹಿಸಿಕೊಳ್ಳುತ್ತಿತ್ತು. ಪಟ್ಟಿಯ ದೀಪಕ್ಕೆ ಆ ಸಹನೆ ಇಲ್ಲ. ಬಣ್ಣದ ಪಟ್ಟಿಯಲ್ಲಿ ತುದಿ ಕೆಂಪಾಗುವುದಕ್ಕೂ ಇದೇ ಕಾರಣ. ನೀಲಿ, ಹಸಿರು ಎಲ್‌ಇಡಿಗಳಿಗೆ ಬೇಕಾಗುವ ವೋಲ್ಟೇಜು ಹೆಚ್ಚು, ಕೆಂಪಿಗೆ ಕಡಿಮೆ. ಆದುದರಿಂದ ಮೊದಲು ಬಸವಳಿಯುವವು ನೀಲಿ ಮತ್ತು ಹಸಿರು.

ನಾವು ಕನ್ನಡಿಗರು ಮಾತಿನಲ್ಲಿ ‘ಕರೆಂಟು ಕಡಿಮೆ’ ಎಂದೂ ‘ವೋಲ್ಟೇಜ್ ಇಲ್ಲ’ ಎಂದೂ ಒಂದೇ ಅರ್ಥದಲ್ಲಿ ಬಳಸುತ್ತೇವೆ. ಭಾಷಾಶಾಸ್ತ್ರದವನಾಗಿ ನನಗೆ ಇದರ ಬಗ್ಗೆ ಆಕ್ಷೇಪವಿಲ್ಲ, ಆಡುಮಾತಿಗೆ ಅದರದೇ ಸ್ವಾತಂತ್ರ್ಯ ಉಂಟು. ಆದರೆ ಈ ದೀಪದ ರೋಗ ಪರೀಕ್ಷೆಗೆ ಕುಳಿತಾಗ ಎರಡನ್ನೂ ಬೇರ್ಪಡಿಸಲೇಬೇಕು. ವೋಲ್ಟೇಜು ಕುಗ್ಗಿದ್ದು ಕಾರಣ, ಪ್ರವಾಹ ಕುಗ್ಗಿದ್ದು ಕಾರ್ಯ.

ಹಾಗಾದರೆ ವೋಲ್ಟೇಜು ಸೋರುವುದೆಲ್ಲಿ? ಬಹುಪಾಲು ತಂತಿಯಲ್ಲಿ. ಎಪ್ಪತ್ತೆರಡು ವ್ಯಾಟಿನ ದೀಪ 230 ವೋಲ್ಟಿನಲ್ಲಿ ಉರಿದರೆ ಸುಮಾರು 0.3 ಆಂಪಿಯರ್ ಪ್ರವಾಹ ಸಾಕು. ಅದೇ ದೀಪ 12 ವೋಲ್ಟಿನಲ್ಲಿ ಉರಿಯಬೇಕಾದರೆ 6 ಆಂಪಿಯರ್ ಬೇಕು. ಅರ್ಧ ಸ್ಕ್ವೇರ್ ಎಂ.ಎಂ.ನ ತೆಳ್ಳನೆಯ ತಾಮ್ರದ ವೈರನ್ನು ಅಡಾಪ್ಟರಿನಿಂದ ಪಟ್ಟಿಯವರೆಗೆ ಆರು ಮೀಟರ್ ಎಳೆದಿದ್ದೇವೆ ಎಂದಿಟ್ಟುಕೊಳ್ಳೋಣ. ಹೋಗುವ ತಂತಿ, ಬರುವ ತಂತಿ ಎರಡೂ ಸೇರಿ ಹನ್ನೆರಡು ಮೀಟರ್. ಅದರ ರೋಧ ಸುಮಾರು 0.45 ಓಂ. ಆರು ಆಂಪಿಯರ್ ಹರಿದರೆ ತಂತಿಯಲ್ಲಿಯೇ 2.7 ವೋಲ್ಟು ಮಾಯವಾಗಬೇಕು! 230 ವೋಲ್ಟಿನ ದೀಪಕ್ಕಾದರೆ ಅದೇ ತಂತಿಯಲ್ಲಿ 0.14 ವೋಲ್ಟು ಮಾತ್ರ ನಷ್ಟ, ಅದನ್ನು ಯಾರೂ ಗಮನಿಸಲಾರರು. ಮನೆಯ ಮಾಮೂಲು ದೀಪಗಳಿಗೆ ವೈರು ಎಳೆದು ಕೈ ಪಳಗಿದ ಎಲೆಕ್ಟ್ರೀಷಿಯನ್ ‘ಸಣ್ಣ ದೀಪಕ್ಕೆ ಸಣ್ಣ ವೈರು ಸಾಕು’ ಎಂದು ತೀರ್ಮಾನಿಸುವುದು ಇಲ್ಲಿಯೇ. ವೋಲ್ಟು ಸಣ್ಣದಾದಷ್ಟೂ ವೈರು ದಪ್ಪವಾಗಬೇಕೆಂಬುದು ಅವನ ಅನುಭವಕ್ಕೆ ವಿರುದ್ಧವಾದ ಮಾತು.

ಈ ನಿಯಮ ನಮ್ಮ ನಾಡಿಗೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಸಾಗಿಸಿದಾಗ, ತೊಂಬತ್ತಕ್ಕೂ ಮಿಕ್ಕ ಮೈಲಿಗಳ ಆ ದಾರಿಯಲ್ಲಿ ಶಕ್ತಿ ಸೋರಿಹೋಗದಂತೆ ತಡೆಯಲು ಇಂಜಿನಿಯರುಗಳು ಆರಿಸಿಕೊಂಡದ್ದು ಮೂವತ್ತು ಸಾವಿರ ವೋಲ್ಟಿನ ಆಸುಪಾಸಿನ ಒತ್ತಡವನ್ನು. ವೋಲ್ಟು ಏರಿಸಿದರೆ ಪ್ರವಾಹ ಇಳಿಯುತ್ತದೆ, ಪ್ರವಾಹ ಇಳಿದರೆ ನಷ್ಟ ಇನ್ನೂ ವೇಗವಾಗಿ ಇಳಿಯುತ್ತದೆ. ಮೈಲಿಗಟ್ಟಲೆ ದೂರಕ್ಕೆ ಅನ್ವಯಿಸಿದ ಈ ಲೆಕ್ಕವೇ ನಮ್ಮ ದೇವರಮನೆಯ ಆರು ಮೀಟರಿಗೂ ಅನ್ವಯಿಸುತ್ತದೆ.

ಕಳೆದ ಶ್ರಾವಣದಲ್ಲಿ ನಮ್ಮ ನೆರೆಮನೆಯ ನಿವೃತ್ತ ಅಧಿಕಾರಿಗಳೊಬ್ಬರು, ನಮಗೆಲ್ಲ ಅವರು ರಾಯರು, ತಮ್ಮ ಹೊಸ ಹಜಾರದ ದೀಪವನ್ನು ತೋರಿಸಿ ಅಲವತ್ತುಕೊಂಡರು. “ನೋಡಿ ಮೇಷ್ಟ್ರೇ, ಎಪ್ಪತ್ತೆರಡು ವ್ಯಾಟು ಅಂತ ದುಡ್ಡು ತೆಗೆದುಕೊಂಡ. ಇದರ ಬೆಳಕಿನಲ್ಲಿ ಪಂಚಾಂಗ ಓದೋದಕ್ಕಾಗೋದಿಲ್ಲ!” ಅವರ ಮಾತಿನಲ್ಲಿ ಉತ್ಪ್ರೇಕ್ಷೆ ಇರಲಿಲ್ಲ. ನಮ್ಮ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕ ಮಿತ್ರರನ್ನು ಭಾನುವಾರ ಕರೆತಂದೆ. ಅವರು ದೀಪ ಉರಿಯುತ್ತಿರುವಾಗಲೇ ಮಲ್ಟಿಮೀಟರಿನಿಂದ ಮೂರು ಕಡೆ ವೋಲ್ಟೇಜು ಅಳೆದರು. ಅಡಾಪ್ಟರಿನ ಬಾಯಲ್ಲಿ 12.1, ಪಟ್ಟಿಯ ಮೊದಲಲ್ಲಿ 10.9, ಪಟ್ಟಿಯ ಕೊನೆಯಲ್ಲಿ 10.0. ಪ್ರವಾಹ 2.6 ಆಂಪಿಯರ್. 10.9ನ್ನು 2.6ರಿಂದ ಗುಣಿಸಿದರೆ ಪಟ್ಟಿಗೆ ತಲುಪುತ್ತಿದ್ದುದು ಕೇವಲ 28 ವ್ಯಾಟು!

“ಅಡಾಪ್ಟರಿನ ತಪ್ಪಿಲ್ಲ ಸಾರ್,” ಎಂದರು ಮಿತ್ರರು ರಾಯರಿಗೆ. “ಅದು ಹೇಳಿದಷ್ಟು ಕೊಡುತ್ತಿದೆ. ಬಾಗಿಲಲ್ಲಿ ಹೊರಟ ಹನ್ನೆರಡು ವೋಲ್ಟು ಪಟ್ಟಿಗೆ ಬರುವ ಮೊದಲೇ ಒಂದು ಕಾಲು ವೋಲ್ಟು ದಾರಿಯಲ್ಲಿ ಕಳೆದುಕೊಳ್ಳುತ್ತಿದೆ. ಪಟ್ಟಿಯ ಒಳಗಿನ ತಾಮ್ರ ಕಾಗದದಷ್ಟು ತೆಳು, ಅದು ಇನ್ನೊಂದು ವೋಲ್ಟನ್ನು ನುಂಗುತ್ತಿದೆ.”

ಚಿಕಿತ್ಸೆಯೂ ಆ ದಿನವೇ ನಡೆಯಿತು. ಅರ್ಧ ಸ್ಕ್ವೇರ್ ಎಂ.ಎಂ. ವೈರನ್ನು ಕಿತ್ತು ಎರಡೂವರೆ ಸ್ಕ್ವೇರ್ ಎಂ.ಎಂ. ವೈರು ಹಾಕಿಸಿದರು. ಇನ್ನೊಂದು ಜೊತೆ ವೈರನ್ನು ಪಟ್ಟಿಯ ಮತ್ತೊಂದು ತುದಿಗೂ ಒಯ್ದು, ಎರಡೂ ಕಡೆಯಿಂದ ವಿದ್ಯುತ್ತು ನುಗ್ಗುವಂತೆ ಮಾಡಿದರು. ಎರಡನೆಯ ತುದಿಯಲ್ಲಿಯೂ ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು ಸೇರಬೇಕೆಂಬುದನ್ನು ಮಾತ್ರ ಎರಡೆರಡು ಸಲ ನೋಡಿಕೊಂಡರು, ತಿರುವು ಮುರುವಾದರೆ ಅಡಾಪ್ಟರಿಗೆ ನೇರ ಶಾರ್ಟ್ ಆಗುತ್ತದೆ. ಮತ್ತೆ ಅಳೆದಾಗ ಪಟ್ಟಿಯ ಎರಡು ತುದಿಗಳಲ್ಲಿ 11.9 ಮತ್ತು 11.7 ವೋಲ್ಟು, ಪ್ರವಾಹ 4.8 ಆಂಪಿಯರ್, ಎಂದರೆ ಸುಮಾರು 56 ವ್ಯಾಟು. ಬೆಳಕು ಇಮ್ಮಡಿಯಾದುದನ್ನು ಕಂಡು ರಾಯರ ಪತ್ನಿಯವರು ಒಳಗಿನಿಂದ ಬಂದು “ಇದೇನು, ಬೇರೆ ದೀಪ ತಂದಿರಾ?” ಎಂದು ಕೇಳಿದರು.

ಆದರೆ ಗಮನಿಸಬೇಕು: 72 ಬರಲಿಲ್ಲ. ಉಳಿದ ಹದಿನಾರು ವ್ಯಾಟು ಯಾವ ತಂತಿಯಲ್ಲಿಯೂ ಸೋರಿರಲಿಲ್ಲ, ಅದು ಮೊದಲಿನಿಂದಲೂ ಇರಲೇ ಇಲ್ಲ. ಇಲ್ಲಿಗೆ ನಾವು ಜಾಹೀರಾತಿನ ಅಂಕಗಣಿತಕ್ಕೆ ಬಂದೆವು. ಆ ಪಟ್ಟಿಯ ಒಂದೊಂದು ಎಲ್‌ಇಡಿಯ ಒಡಲಲ್ಲಿ ಮೂರು ಚಿಪ್ಪುಗಳಿರುತ್ತವೆ. ಪ್ರತಿ ಚಿಪ್ಪಿಗೂ 20 ಮಿಲಿಆಂಪಿಯರ್ ಎಂಬ ಪೂರ್ಣ ಪ್ರಮಾಣವನ್ನು ಹಿಡಿದು, ಇಡೀ ಪಟ್ಟಿಗೆ ಗುಣಿಸಿದರೆ 6 ಆಂಪಿಯರ್, 72 ವ್ಯಾಟು ಬರುತ್ತದೆ. ಇದು ಕಾಗದದ ಮೇಲಿನ ಲೆಕ್ಕ. ತಯಾರಕರು ಪಟ್ಟಿ ಬಿಸಿಯೇರದಿರಲೆಂದು ರೆಸಿಸ್ಟರನ್ನು ಕೊಂಚ ದೊಡ್ಡದಾಗಿ ಇಟ್ಟಿರುತ್ತಾರೆ, ಆಗ ಪ್ರತಿ ಚಿಪ್ಪಿಗೆ ಸಿಕ್ಕುವುದು ಹದಿನಾರು ಮಿಲಿಆಂಪಿಯರೇ. ಹಾಗೆ ಇಡುವುದು ತಪ್ಪಲ್ಲ, ದೀಪದ ಆಯುಸ್ಸಿಗೆ ಅದು ಒಳ್ಳೆಯದೇ. ಇಟ್ಟ ಮೇಲೂ ಹೊದಿಕೆಯ ಮೇಲೆ ಹಳೆಯ ಅಂಕವನ್ನೇ ಅಚ್ಚು ಹಾಕಿಸುವುದು ಮಾತ್ರ ನನಗೆ ಒಪ್ಪಿಗೆಯಾಗದ ಸಂಗತಿ.

ಕಾರು, ಮೋಟಾರ್ ಸೈಕಲ್ಲುಗಳಿಗೆ ಹಾಕುವ ಹೆಚ್ಚುವರಿ ದೀಪಗಳಲ್ಲಿ ಈ ಅಂಕಗಣಿತ ಇನ್ನೂ ಉದಾರ. ಹತ್ತು ಚಿಪ್ಪು ಇದ್ದರೆ, ಒಂದೊಂದೂ ಹತ್ತು ವ್ಯಾಟು ತಾಳಬಲ್ಲದು ಎಂದು ಹಿಡಿದು ನೂರು ವ್ಯಾಟು ಎಂದು ಸಾರುತ್ತಾರೆ. ನೂರು ವ್ಯಾಟು ಎಂದರೆ 12 ವೋಲ್ಟಿನಲ್ಲಿ ಎಂಟು ಆಂಪಿಯರಿಗೂ ಹೆಚ್ಚು ಪ್ರವಾಹ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಶಾಖವಾಗಿ ಹೊರಬೀಳಬೇಕು. ಅಷ್ಟು ಶಾಖವನ್ನು ಹೊರಗೆಡಹಲು ಭಾರವಾದ ಅಲ್ಯೂಮಿನಿಯಂ ರೆಕ್ಕೆಗಳೋ ಫ್ಯಾನೋ ಬೇಕು. ಅಂಗೈಯಲ್ಲಿ ಮುಚ್ಚಿಹೋಗುವ ಹಗುರವಾದ ದೀಪವೊಂದು ನೂರು ವ್ಯಾಟು ಎಂದು ಹೇಳಿಕೊಂಡರೆ, ಅದನ್ನು ಒಮ್ಮೆ ಕೈಯಲ್ಲಿ ಹಿಡಿದು ತೂಗಿ ನೋಡಿದರೆ ಸಾಕು. ಮೀಟರೂ ಬೇಡ.

ಇನ್ನೂ ಒಂದು ಮಾತು. ವ್ಯಾಟು ದೀಪದ ಹಸಿವಿನ ಅಳತೆಯೇ ಹೊರತು ಬೆಳಕಿನ ಅಳತೆಯಲ್ಲ. ಬೆಳಕಿನ ಅಳತೆ ಲ್ಯೂಮೆನ್. ಅರವತ್ತು ವ್ಯಾಟಿನ ಹಳೆಯ ಬಲ್ಬು ಸುಮಾರು 700 ಲ್ಯೂಮೆನ್ ಕೊಡುತ್ತಿತ್ತು; ವ್ಯಾಟಿಗೆ ನೂರು ಲ್ಯೂಮೆನ್ ಕೊಡುವ ಸಾಮಾನ್ಯ ಎಲ್‌ಇಡಿ ಅದನ್ನು ಏಳು ವ್ಯಾಟಿನಲ್ಲಿ ಕೊಡಬಲ್ಲದು. ಕೊಳ್ಳುವಾಗ ಲ್ಯೂಮೆನ್ ನಮೂದಿಸಿದ ಮಾಲನ್ನು ಆರಿಸುವುದು ಜಾಣತನ. ವ್ಯಾಟನ್ನು ಮಾತ್ರ ದಪ್ಪಕ್ಷರದಲ್ಲಿ ಸಾರಿ ಲ್ಯೂಮೆನ್ ಬಗ್ಗೆ ಮೌನ ತಾಳಿದ ಹೊದಿಕೆಯನ್ನು ನಾನಂತೂ ನಂಬಲಾರೆ.

ಅಡಾಪ್ಟರು ನಿರಪರಾಧಿ ಎಂದೆ. ಅದು ರಾಯರ ಮನೆಯ ಮಟ್ಟಿಗೆ. ಎಷ್ಟೋ ಕಡೆ ಎರಡು ಆಂಪಿಯರಿನ ಅಡಾಪ್ಟರಿಗೆ ಐದು ಮೀಟರ್ ಪಟ್ಟಿಯನ್ನು ಗಂಟುಹಾಕಿರುತ್ತಾರೆ. ಎರಡು ಆಂಪಿಯರ್ ಎಂದರೆ 24 ವ್ಯಾಟು, ಅದಕ್ಕಿಂತ ಹೆಚ್ಚು ಎಳೆದರೆ ಅದರ ವೋಲ್ಟೇಜು ಕುಸಿಯುತ್ತದೆ, ಇಲ್ಲವೇ ಅದು ತನ್ನನ್ನು ತಾನು ಕಾಪಾಡಿಕೊಳ್ಳಲು ಕ್ಷಣಕ್ಷಣಕ್ಕೂ ಆರಿ ಹತ್ತಿಕೊಳ್ಳುತ್ತದೆ. ದೀಪ ಹಾಕಿದಾಗ ಅಡಾಪ್ಟರಿನ ಬಾಯಲ್ಲಿಯೇ ಹನ್ನೆರಡಕ್ಕಿಂತ ಬಹಳ ಕಡಿಮೆ ಕಂಡುಬಂದು, ದೀಪ ತೆಗೆದೊಡನೆ ಹನ್ನೆರಡಕ್ಕೆ ಮರಳಿದರೆ ಅಪರಾಧಿ ಅದೇ. ದೀಪ ಬೇಡುವುದಕ್ಕಿಂತ ಐದರಲ್ಲೊಂದು ಪಾಲಾದರೂ ಹೆಚ್ಚು ಸಾಮರ್ಥ್ಯದ ಅಡಾಪ್ಟರು ಇರುವುದು ಲೇಸು. ಹಳೆಯ ಹ್ಯಾಲೊಜೆನ್ ದೀಪಗಳ ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರಿಗೆ ಹೊಸ ಎಲ್‌ಇಡಿ ಸಿಕ್ಕಿಸಿದವರ ಕಷ್ಟ ಇದಕ್ಕೆ ತದ್ವಿರುದ್ಧ. ಆ ಟ್ರಾನ್ಸ್‌ಫಾರ್ಮರುಗಳಲ್ಲಿ ಅನೇಕವು ಇಪ್ಪತ್ತು ವ್ಯಾಟಾದರೂ ಭಾರವಿಲ್ಲದೆ ಸರಿಯಾಗಿ ಓಡವು. ನಾಲ್ಕು ವ್ಯಾಟಿನ ಎಲ್‌ಇಡಿ ಅವುಗಳ ಮೇಲೆ ಮಿಣುಕುತ್ತದೆ. ಅಲ್ಲಿ ಟ್ರಾನ್ಸ್‌ಫಾರ್ಮರನ್ನೇ ಬದಲಿಸಬೇಕು.

ಸಂಜೆ ತಳ್ಳುಗಾಡಿಯಲ್ಲಿ ಚುರುಮುರಿ ಮಾರುವವರು, ಹಣ್ಣಿನವರು ಬ್ಯಾಟರಿಯ ಮೇಲೆ ಇದೇ ಪಟ್ಟಿಯನ್ನು ಉರಿಸುವುದನ್ನು ನೋಡಿರುತ್ತೀರಿ. ತುಂಬಿದ ಬ್ಯಾಟರಿ 12.7 ವೋಲ್ಟಿನಷ್ಟು ತೋರಿಸುತ್ತದೆ, ಬರಿದಾಗುತ್ತ ಹನ್ನೆರಡರ ಕೆಳಗಿಳಿಯುತ್ತದೆ. ಏಳು ಗಂಟೆಗೆ ಥಳಥಳಿಸಿದ ಗಾಡಿ ಹತ್ತು ಗಂಟೆಗೆ ಮಂಕಾಗುವುದು ಸಹಜವೇ. ಬ್ಯಾಟರಿ ಚಾರ್ಜಿನಲ್ಲಿರುವಾಗ ಉರಿಸುವುದು ಮಾತ್ರ ಅಪಾಯ. ಆಗ ವೋಲ್ಟೇಜು 14ನ್ನು ದಾಟುತ್ತದೆ, ರೆಸಿಸ್ಟರಿನ ಪಾಲು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ಎಲ್‌ಇಡಿಗಳು ಕಾದು ಬೇಗ ಮುಪ್ಪಾಗುತ್ತವೆ.

ಮನೆಯಲ್ಲಿ ಪರೀಕ್ಷೆಗೆ ಇಳಿಯುವವರಿಗೆ ಎರಡು ಎಚ್ಚರಿಕೆ. ಪ್ರವಾಹ ಅಳೆಯುವಾಗ ಮೀಟರಿನ ಕೆಂಪು ತಂತಿಯನ್ನು 10 ಆಂಪಿಯರಿನ ರಂಧ್ರಕ್ಕೆ ಹಾಕಿ, ದೀಪದ ದಾರಿಯ ನಡುವೆ ಸೇರಿಸಬೇಕು. ಕೆಲಸ ಮುಗಿದೊಡನೆ ವೋಲ್ಟಿನ ರಂಧ್ರಕ್ಕೆ ಹಿಂದಿರುಗಿಸಬೇಕು. ಮರೆತು ಅದೇ ಸ್ಥಿತಿಯಲ್ಲಿ ವೋಲ್ಟೇಜು ಅಳೆಯಹೊರಟರೆ ಮೀಟರು ಹಾಳಾಗುವುದಷ್ಟೇ ಅಲ್ಲ, ಕಿಡಿಯೂ ಹಾರೀತು. ಅಡಾಪ್ಟರಿನ 230 ವೋಲ್ಟಿನ ಪಕ್ಕವನ್ನು ಬಿಚ್ಚುವ ಗೋಜಿಗೆ ಯಾರೂ ಹೋಗಬಾರದು. ಹನ್ನೆರಡು ವೋಲ್ಟು ಶಾಕ್ ಹೊಡೆಯದಿದ್ದರೂ ಸುಡಬಲ್ಲದು: ಕೈಯಿಂದ ತಿರುಚಿ ಟೇಪು ಸುತ್ತಿದ ಜೋಡಣೆ, ಸಡಿಲವಾದ ಕ್ಲಿಪ್ಪು, ಇವುಗಳಲ್ಲಿ ವೋಲ್ಟೇಜು ಸೋರುವುದು ಶಾಖದ ರೂಪದಲ್ಲಿಯೇ. ಅರ್ಧ ಗಂಟೆ ಉರಿಸಿ, ಆರಿಸಿ, ಜೋಡಣೆಗಳನ್ನು ಬೆರಳಿನಿಂದ ಮೆಲ್ಲನೆ ಮುಟ್ಟಿ ನೋಡಿ. ಎಲ್ಲಿ ಬಿಸಿಯೋ ಅಲ್ಲಿ ಬೆಸುಗೆ ಹಾಕಿಸಿ. ಪಟ್ಟಿಯನ್ನು ನೇರವಾಗಿ ಮರಕ್ಕೆ ಅಂಟಿಸದೆ ಅಲ್ಯೂಮಿನಿಯಂ ಚಾನೆಲ್ಲಿನಲ್ಲಿ ಕೂರಿಸಿದರೆ ಅದರ ಶಾಖ ಹರಡುತ್ತದೆ. ತಣ್ಣಗಿರುವ ಎಲ್‌ಇಡಿ ಹೆಚ್ಚು ಬೆಳಗುತ್ತದೆ, ಹೆಚ್ಚು ಕಾಲ ಬಾಳುತ್ತದೆ.

ಹೊಸದಾಗಿ ಕೊಳ್ಳುವವರಿಗೆ 24 ವೋಲ್ಟಿನ ಪಟ್ಟಿ ಉತ್ತಮ. ಅಷ್ಟೇ ವ್ಯಾಟಿಗೆ ಅದರಲ್ಲಿ ಪ್ರವಾಹ ಅರ್ಧ, ತಂತಿಯಲ್ಲಿ ಆಗುವ ನಷ್ಟ ಕಾಲುಭಾಗ. ಅದನ್ನು ಸಾಮಾನ್ಯವಾಗಿ ಆರಾರು ಎಲ್‌ಇಡಿಗಳ ಗುರುತಿನಲ್ಲಿ ಮಾತ್ರ ಕತ್ತರಿಸಲಾಗುವುದರಿಂದ ಅಳತೆಯಲ್ಲಿ ತುಸು ಹೊಂದಾಣಿಕೆ ಮಾಡಿಕೊಳ್ಳಬೇಕಾದೀತು. ಅಡಾಪ್ಟರೂ 24 ವೋಲ್ಟಿನದೇ ಆಗಬೇಕು. ಮನೆಯಲ್ಲಿ ಎರಡೂ ಬಗೆಯವು ಇದ್ದರೆ ಅಡಾಪ್ಟರುಗಳ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ. 12ರ ಪಟ್ಟಿಯನ್ನು 24ಕ್ಕೆ ಸಿಕ್ಕಿಸಿದರೆ ಕೆಲವು ಕ್ಷಣ ಅದು ಹಿಂದೆಂದೂ ಕಾಣದಷ್ಟು ಪ್ರಕಾಶಮಾನವಾಗಿ ಉರಿದು, ಅನಂತರ ಮತ್ತೆಂದೂ ಉರಿಯುವುದಿಲ್ಲ.