‘ನೈಫ್’ ಮುಂದೆ ‘ಕೆ’ ಯಾಕ್ರೀ?

ಮೊನ್ನೆ ಸಂಜೆ ರೊಟ್ಟಿ ಬಡಿಯುತ್ತಿದ್ದೆ. ಐದನೇ ತರಗತಿಯ ಕಿರಿಮಗಳು ನೋಟ್‌ಬುಕ್ ಹಿಡಿದು ಬಂದು, “ಯವ್ವಾ, ನೈಫ್ ಅನ್ನಾಕ ‘ಎನ್’ ಸಾಕಲ್ಲ, ಮುಂದ ‘ಕೆ’ ಯಾಕ ಐತಿ?” ಎಂದಳು. “ಸುಮ್ನ ಬಾಯಿಪಾಠ ಮಾಡು” ಅಂದುಬಿಟ್ಟೆ. ನನಗೂ ಗೊತ್ತಿರಲಿಲ್ಲ ನೋಡಿ. ಇದೇ ಸ್ಪೆಲ್ಲಿಂಗಿಗಾಗಿ ಅಂಗೈ ಮೇಲೆ ಬೆತ್ತದ ಏಟು ತಿಂದು, ನನಗೆ ತಲೆಯೇ ಇಲ್ಲವೆಂದು ನಂಬಿ, ಎಸ್ಸೆಸ್ಸೆಲ್ಸಿಗೇ ಓದು ಬಿಟ್ಟವಳು ನಾನು. ಆದರೆ ಮಗಳ ಮುಖ ಸಪ್ಪಗಾದದ್ದು ಕಂಡು ಬಲ್ಲವರನ್ನು ಕೇಳಿದೆ, ಪುಸ್ತಕ ತಿರುವಿದೆ.

ತಪ್ಪು ನಮ್ಮ ತಲೆಯದಲ್ಲ, ಗೆಳತಿಯರೇ! ಹಿಂದೆ ಇಂಗ್ಲಿಷರು ‘ಕ್ನೀಫ್’ ಅಂತ ‘ಕ’ ಸೇರಿಸಿಯೇ ಅನ್ನುತ್ತಿದ್ದರಂತೆ. 1476ರಲ್ಲಿ ಕ್ಯಾಕ್ಸ್‌ಟನ್ ಎಂಬಾತ ಇಂಗ್ಲೆಂಡಿಗೆ ಅಚ್ಚುಕೂಟ ತಂದ. ಅಚ್ಚಿನ ಬರಹ ಬರಬರುತ್ತ ಗಟ್ಟಿಯಾಗಿ ನಿಂತಿತು. ಜನರ ಬಾಯಿ ನಿಲ್ಲಲಿಲ್ಲ. ಮಾತಿನಲ್ಲಿ ‘ಕ’ ಉದುರಿತು, ಬರಹದಲ್ಲಿ ಉಳಿಯಿತು. ನಾವೂ ‘ಹೋಗುತ್ತೇನೆ’ ಎಂದು ಬರೆದು ‘ಹೊಕ್ಕೀನಿ’ ಅನ್ನುವುದಿಲ್ಲವೇ? ಸಾಲಕ್ಕೆ ‘ಡೆಟ್’ ಅನ್ನುತ್ತಾರಲ್ಲ, ಅದರೊಳಗಿನ ‘ಬಿ’ಯ ಕತೆ ಇನ್ನೂ ಚೆಂದ. ಫ್ರೆಂಚಿನಿಂದ ಬಂದಾಗ ಆ ಪದಕ್ಕೆ ‘ಬಿ’ ಇರಲೇ ಇಲ್ಲ. ಲ್ಯಾಟಿನ್ ಮೂಲದಲ್ಲಿ ಇದೆಯೆಂದು ಪಂಡಿತರು ಆಮೇಲೆ ತುರುಕಿದರು. ಸಾಲಕ್ಕೆ ಬಡ್ಡಿ ಸೇರಿಸಿದ ಹಾಗೆ! ಸಾಲದ್ದಕ್ಕೆ 26 ಅಕ್ಷರಗಳಲ್ಲಿ ಸುಮಾರು 44 ಧ್ವನಿ ಹಿಡಿಸಬೇಕು. ಬೇರೆ ಬೇರೆ ಭಾಷೆಗಳಿಂದ ಬಂದ ಪದಗಳೋ, ತವರಿನ ರೀತಿ ಬಿಡದ ಸೊಸೆಯರು.

ಈ ಪೇಚು ನಮ್ಮ ಮನೆ ಬಾಗಿಲಿಗೂ ಬಂದಿದೆ. ಹುಲಿಗಿ ಎಂದು ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಗೆ ಕೆಲವರು ‘ಐ’ ಹಾಕುತ್ತಾರೆ, ಕೆಲವರು ‘ಇ’. ಪಕ್ಕದ ಹೊಸಪೇಟೆ ಇಂಗ್ಲಿಷಿನಲ್ಲಿ ‘ಹಾಸ್ಪೆಟ್’ ಆಗಿತ್ತು; 2014ರ ನವೆಂಬರ್ 1ರಂದು ಹನ್ನೆರಡು ಊರುಗಳ ಹೆಸರು ಇಂಗ್ಲಿಷಿನಲ್ಲೂ ಕನ್ನಡದಂತಾದಾಗ ಅದೂ ಸರಿಹೋಯಿತು. ದೇವಿ ಹುಲಿಗೆಮ್ಮನ ಹೆಸರಿಟ್ಟ ನನ್ನ ಹಿರಿಮಗಳ ಪಾಡು ಕೇಳಿ. ಶಾಲೆಯ ದಾಖಲೆಯಲ್ಲಿ ‘ಎಲ್’ ಆದಮೇಲೆ ‘ಐ’, ಆಧಾರ್ ಕಾರ್ಡಿನಲ್ಲಿ ‘ಎ’. ಆ ಒಂದು ಅಕ್ಷರಕ್ಕೆ ವಿದ್ಯಾರ್ಥಿವೇತನ ನಿಂತು, ನಾಲ್ಕು ಸಲ ಕೊಪ್ಪಳದ ಬಸ್ ಹತ್ತಿದೆವು. ನೀವು ಮಾತ್ರ ಮಗುವನ್ನು ಶಾಲೆಗೆ ಸೇರಿಸುವಾಗಲೇ ಹೆಸರಿನ ಸ್ಪೆಲ್ಲಿಂಗ್ ಚೀಟಿಯಲ್ಲಿ ಬರೆದುಕೊಂಡು ಹೋಗಿ; ಎಲ್ಲ ಕಡೆ ಅದನ್ನೇ ಬರೆಸಿ.

ಸಣ್ಣವಳನ್ನು ಈಗ ಗದರಿಸುವುದಿಲ್ಲ. ನೈಫ್, ನೀ, ನಾಟ್ ಎಂದು ಒಂದೇ ಬಳಗದ ಪದಗಳನ್ನು ಒಟ್ಟಿಗೆ ಬರೆಸುತ್ತೇನೆ. ‘ಕ್ನೀಫ್’ ಎಂದು ಇಬ್ಬರೂ ಜೋರಾಗಿ ಒದರಿ ನಗುತ್ತೇವೆ. ನಿನ್ನೆ ಅವರಪ್ಪ ಉಕ್ತಲೇಖನ ಹೇಳಿದರು. ಅವಳಿಗೆ ಹತ್ತಕ್ಕೆ ಏಳು. ಪಕ್ಕದಲ್ಲಿ ಕೂತು ನಾನೂ ಬರೆದಿದ್ದೆ. ನನಗೆ ಆರು ಬಂತು.