ಹಲವರ ಕೈಯಲ್ಲಿ ಒಂದೇ ಪಾಸ್‌ವರ್ಡ್
ಲಿನಕ್ಸ್ ಸರ್ವರ್‌ನಲ್ಲಿ ಯಾವ ಕಡತವನ್ನಾದರೂ ಅಳಿಸಬಲ್ಲ ಪರಮಾಧಿಕಾರವು ‘ರೂಟ್’ ಎಂಬ ಖಾತೆಗೆ ಇರುವುದರಿಂದ, ಅದರ ಪಾಸ್‌ವರ್ಡನ್ನು ತಂಡವೆಲ್ಲ ಹಂಚಿಕೊಂಡರೆ, ಎಡವಟ್ಟಾದಾಗ ದಾಖಲೆಯಲ್ಲಿ ಕಾಣುವುದು ‘ರೂಟ್’ ಎಂಬ ಹೆಸರೇ ಹೊರತು ಕೆಲಸ ಮಾಡಿದವರ ಹೆಸರಲ್ಲ. ಒಬ್ಬರು ನೌಕರಿ ಬಿಟ್ಟರೂ ಪಾಸ್‌ವರ್ಡನ್ನು ಎಲ್ಲೆಡೆ ಬದಲಿಸಬೇಕು (ಬದಲಿಸುತ್ತಾರೆಯೇ ಎಂಬುದು ಬೇರೆ ಮಾತು). 1980ರ ಸುಮಾರಿಗೆ ಅಮೆರಿಕದ ಬಫಲೋದಲ್ಲಿರುವ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ‘ಸುಡೊ’ ತಂತ್ರಾಂಶದ ಇಂದಿನ ರೂಪದಲ್ಲಿ, ಸಿಬ್ಬಂದಿ ಸಾಮಾನ್ಯವಾಗಿ ತಮ್ಮದೇ ಪಾಸ್‌ವರ್ಡ್ ಕೊಟ್ಟು, ತಮಗೆ ಅನುಮತಿಯಿರುವ ಆದೇಶಗಳನ್ನಷ್ಟೇ ರೂಟ್ ಅಧಿಕಾರದಿಂದ ನಡೆಸುತ್ತಾರೆ. ವೆಬ್ ಸರ್ವರನ್ನು ಮರುಚಾಲನೆ ಮಾಡಲಷ್ಟೇ ಅನುಮತಿಯುಳ್ಳವರು ಬಳಕೆದಾರರ ಖಾತೆ ಅಳಿಸಲು ಹೊರಟರೆ, ಸುಡೊ ನಿರಾಕರಿಸಿ, ಆ ಯತ್ನವನ್ನು ಹೆಸರು, ವೇಳೆ ಸಮೇತ ಬರೆದಿಡುತ್ತದೆ. ಆದರೆ ತಲೆನೋವೇ ಬೇಡವೆಂದು ಎಲ್ಲರಿಗೂ ಎಲ್ಲ ಅನುಮತಿಯನ್ನೂ ಕೊಟ್ಟುಬಿಟ್ಟರೆ, ಸುಡೊ ಮೂಲಕವೇ ರೂಟ್ ಆಗಿ ಕುಳಿತವರು ಮುಂದೆ ಕೊಟ್ಟ ಆದೇಶಗಳು, ವಿಶೇಷ ಏರ್ಪಾಡಿಲ್ಲದಿದ್ದರೆ, ಅದರ ದಾಖಲೆಗೆ ಸೇರುವುದಿಲ್ಲ.